ನಾಲ್ಕು ತಿಂಗಳ ಲ್ಯಾಬ್ರಡಾರ್ ಮರಿಯನ್ನು ದಿನಕ್ಕೆ ಎಷ್ಟು ನಡೆಸಬಹುದು?

ಪ್ರಶ್ನೆ (ಮೈಸೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ನಾಲ್ಕು ತಿಂಗಳ ಗಂಡು ಲ್ಯಾಬ್ರಡಾರ್ ಮರಿಯಿದೆ. ತೂಕ 15 ಕೆ.ಜಿ. ಲಿಫ್ಟ್ ಇಲ್ಲದ ಕಟ್ಟಡದ ಎರಡನೆಯ ಮಹಡಿಯಲ್ಲಿ ನಮ್ಮ ವಾಸ. ನಾನು ಬೆಳಿಗ್ಗೆ ಓಡಲು ಹೊರಟಾಗ ಅವನನ್ನೂ ಟಾರು ರಸ್ತೆಯಲ್ಲಿ ಎರಡು ಕಿಲೋಮೀಟರ್ ಕರೆದೊಯ್ಯುತ್ತಿದ್ದೆ. ಕಳೆದ ವಾರದಿಂದ ಮಲಗಿ ಎದ್ದ ಕೂಡಲೇ ಎಡ ಮುಂಗಾಲನ್ನು ಎಳೆಯುತ್ತಾನೆ, ಸ್ವಲ್ಪ ಓಡಾಡಿದ ಮೇಲೆ ಸರಿಹೋಗುತ್ತಾನೆ. ವಯಸ್ಸಿನ ಪ್ರತಿ ತಿಂಗಳಿಗೆ ಐದು ನಿಮಿಷದಂತೆ ನಡೆಸಬೇಕೆಂದು ಕೆಲವರು ಹೇಳುತ್ತಾರೆ. ಈ ಲೆಕ್ಕ ಸರಿಯೇ? ಎಲುಬು ಗಟ್ಟಿಯಾಗಲೆಂದು ಕ್ಯಾಲ್ಸಿಯಂ ಸಿರಪ್ಪನ್ನೂ ಕೊಡುತ್ತಿದ್ದೇವೆ.

ಉತ್ತರ 1 (ಪಶುವೈದ್ಯೆ, ಧಾರವಾಡ)

ಮೊದಲು ಆ ಕಾಲನ್ನು ತೋರಿಸಿ. ಮಲಗಿ ಎದ್ದಾಗ ಕುಂಟಿ, ಓಡಾಡಿದ ಮೇಲೆ ಸರಿಯಾಗುವುದು ದೊಡ್ಡ ತಳಿಯ ಮರಿಗಳಲ್ಲಿ ಮೊಣಕೈ ಕೀಲಿನ ದೋಷದ ಆರಂಭವಿರಬಹುದು. ಕೈಯಿಂದ ಮುಟ್ಟಿ ನೋಡಿ, ಅಗತ್ಯವೆನಿಸಿದರೆ ಎಕ್ಸ್‌-ರೇ ತೆಗೆದ ಮೇಲೆಯೇ ಅದು ಹೌದೋ ಅಲ್ಲವೋ ತಿಳಿಯುತ್ತದೆ. ಅಲ್ಲಿಯವರೆಗೆ ಓಟ ಬೇಡ.

ಮರಿಯ ಉದ್ದ ಎಲುಬುಗಳ ತುದಿಯಲ್ಲಿ ಮೃದ್ವಸ್ಥಿಯ ಒಂದು ಪದರವಿರುತ್ತದೆ. ಎಲುಬು ಉದ್ದವಾಗುವುದು ಅಲ್ಲಿಂದಲೇ, ಮತ್ತು ಬೆಳೆಯುವ ಮರಿಯ ಎಲುಬಿನಲ್ಲಿ ಬಹಳ ದುರ್ಬಲವಾದ ಜಾಗವೂ ಅದೇ. ಲ್ಯಾಬ್ರಡಾರ್‌ನಲ್ಲಿ ಈ ಪದರಗಳಲ್ಲಿ ಹೆಚ್ಚಿನವು ಗಟ್ಟಿಯಾಗಲು ಸುಮಾರು ಒಂದು ವರ್ಷ ಬೇಕು. ಹಾಗೆಂದು ಮರಿಯನ್ನು ಕಟ್ಟಿಹಾಕಬಾರದು, ಏಕೆಂದರೆ ಕೀಲನ್ನು ಹಿಡಿದು ನಿಲ್ಲಿಸುವ ಸ್ನಾಯು ಬಲಿಯುವುದು ಓಡಾಟದಿಂದಲೇ. ಐದು ನಿಮಿಷದ ಲೆಕ್ಕಕ್ಕೆ ಗಟ್ಟಿಯಾದ ವೈಜ್ಞಾನಿಕ ಆಧಾರವಿಲ್ಲ. ನಿಮಿಷಕ್ಕಿಂತ ನೆಲ ಮುಖ್ಯ. ನಾಲ್ಕು ದೊಡ್ಡ ತಳಿಗಳ ಮರಿಗಳನ್ನು ಹುಟ್ಟಿದಾಗಿನಿಂದ ಗಮನಿಸಿ ನಾರ್ವೆಯಲ್ಲಿ ನಡೆಸಿದ, 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಮೂರು ತಿಂಗಳಲ್ಲಿ ದಿನವೂ ಮೆಟ್ಟಿಲು ಹತ್ತಿಳಿದ ಮರಿಗಳಿಗೆ ಸೊಂಟದ ಕೀಲಿನ ದೋಷ ಬರುವ ಸಾಧ್ಯತೆ ಹೆಚ್ಚಾಗಿತ್ತು. ಮೆತ್ತನೆಯ, ಏರುತಗ್ಗಿನ ನೆಲದಲ್ಲಿ ಬೆಲ್ಟ್ ಇಲ್ಲದೆ ತಮ್ಮಿಷ್ಟದಂತೆ ಆಡಿದ ಮರಿಗಳಿಗೆ ಕಡಿಮೆಯಾಗಿತ್ತು. ಆಟದಲ್ಲಿ ಮರಿ ದಣಿದಾಗ ತಾನೇ ಕುಳಿತುಕೊಳ್ಳುತ್ತದೆ. ನಿಮ್ಮ ಜೊತೆ ರಸ್ತೆಯಲ್ಲಿ ಓಡುವಾಗ ನೋವಿದ್ದರೂ ನಿಮ್ಮನ್ನು ಬಿಟ್ಟು ನಿಲ್ಲುವುದಿಲ್ಲ. ಲಸಿಕೆಗಳು ಮುಗಿದಿದ್ದರೆ ಹುಲ್ಲಿನ ಮೈದಾನಕ್ಕೆ ದಿನಕ್ಕೆ ಎರಡು ಮೂರು ಸಲ, ಸ್ವಲ್ಪ ಸ್ವಲ್ಪ ಹೊತ್ತು ಕರೆದೊಯ್ಯಿರಿ.

ಸಿರಪ್ಪನ್ನು ಇಂದೇ ನಿಲ್ಲಿಸಿ. ದೊಡ್ಡ ತಳಿಯ ಮರಿಗಳ ಆಹಾರ ಕೊಡುತ್ತಿದ್ದರೆ ಅದರಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ ಇರುತ್ತದೆ. ಹೆಚ್ಚಾದುದನ್ನು ಬೇಡವೆಂದು ತಡೆಯುವ ಶಕ್ತಿ ಈ ವಯಸ್ಸಿನ ಕರುಳಿಗೆ ಇನ್ನೂ ಬಂದಿರುವುದಿಲ್ಲ, ಆದ್ದರಿಂದ ಎಲುಬಿನ ಬೆಳವಣಿಗೆಯೇ ಕೆಡುತ್ತದೆ. ಮನೆಯ ಅನ್ನವನ್ನೇ ಹಾಕುತ್ತಿದ್ದರೆ ಕ್ಯಾಲ್ಸಿಯಂ ಪ್ರಮಾಣವನ್ನು ವೈದ್ಯರೇ ನಿಗದಿ ಮಾಡಲಿ.

ಉತ್ತರ 2 (ಶಿವಮೊಗ್ಗ)

ಮೇಡಂ ಹೇಳಿದ್ದಕ್ಕೆ ತೂಕದ ವಿಷಯವನ್ನು ಸೇರಿಸುತ್ತೇನೆ. ನಮ್ಮ ಹಿಂದಿನ ಲ್ಯಾಬ್ರಡಾರ್ ಮರಿಯಾಗಿದ್ದಾಗ ದುಂಡಗಿರುವುದೇ ಆರೋಗ್ಯವೆಂದು ನಂಬಿ ಕೇಳಿದಷ್ಟು ತಿನ್ನಿಸಿದೆವು, ನುಣುಪು ಟೈಲ್ಸ್ ಮೇಲೆ ಚೆಂಡು ಎಸೆದು ಆಡಿಸಿದೆವು. ಐದನೆಯ ವರ್ಷಕ್ಕೇ ಅವಳಿಗೆ ಹಿಂಗಾಲು ಊರಿ ಏಳುವುದು ಕಷ್ಟವಾಯಿತು. ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಎರಡೆರಡಾಗಿ ಜೋಡಿ ಮಾಡಿ ಜೀವನಪೂರ್ತಿ ಗಮನಿಸಿದಾಗ, ಜೋಡಿಯ ನಾಯಿಗಿಂತ ಶೇ. 25ರಷ್ಟು ಕಡಿಮೆ ಆಹಾರ ತಿಂದವುಗಳಲ್ಲಿ ಸೊಂಟದ ಕೀಲಿನ ದೋಷ ಕಡಿಮೆಯಿತ್ತು, ಆಯಸ್ಸೂ ಸುಮಾರು ಎರಡು ವರ್ಷ ಹೆಚ್ಚಿತ್ತು ಎಂದು ನಂತರ ಓದಿದೆ. ಪಕ್ಕೆಲುಬು ಕೈಗೆ ಸುಲಭವಾಗಿ ಸಿಗುವಂತಿರಲಿ. ಈಗಿನ ಮರಿಗಾಗಿ ನಡುಮನೆಯಲ್ಲಿ ಜಾರದ ಚಾಪೆ ಹಾಸಿದ್ದೇವೆ, ಉಗುರನ್ನೂ ಆಗಾಗ ಕತ್ತರಿಸುತ್ತೇವೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ನಾಳೆ ಬೆಳಿಗ್ಗೆಯೇ ವೈದ್ಯರಲ್ಲಿಗೆ ಹೋಗುತ್ತೇನೆ. ಮೆಟ್ಟಿಲನ್ನು ಮಾತ್ರ ಹೇಗೆ ತಪ್ಪಿಸಲಿ? ಇನ್ನೆರಡು ತಿಂಗಳಲ್ಲಿ ಅವನನ್ನು ಎತ್ತಲಾಗುವುದಿಲ್ಲ.

ಉತ್ತರ 1

ಎತ್ತಲಾಗುವಷ್ಟು ದಿನ ಎತ್ತಿಕೊಳ್ಳಿ: ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ. ಆಮೇಲೆ ಎದೆಪಟ್ಟಿ ಹಾಕಿ, ಗೋಡೆಯ ಬದಿಯಲ್ಲಿ ಒಂದೊಂದೇ ಮೆಟ್ಟಿಲು ನಿಧಾನವಾಗಿ ಹತ್ತಿಳಿಸಿ. ಇಳಿಯುವಾಗ ದೇಹದ ಭಾರವೆಲ್ಲ ಮುಂಗಾಲಿಗೆ ಬೀಳುವುದರಿಂದ, ಮರಿಗಿಂತ ಒಂದು ಮೆಟ್ಟಿಲು ಕೆಳಗೆ ನೀವಿರಿ; ಅವನು ನುಗ್ಗಲಾರ.