ಮರು: ಆರ್ಥೋರೆಕ್ಟಿಫಿಕೇಶನ್ — ಕಾರವಾರದ ಫಲಕಕ್ಕೆ ಕನ್ನಡ ಪದ ಬೇಕು

> ನಕ್ಷೆಗಳ ಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ. ನಾಳೆ ಪ್ರಿಂಟಿಗೆ ಹೋಗಬೇಕು. ಆರ್ಥೋಫೋಟೋಗೆ ‘ಲಂಬಚಿತ್ರ’ ಆಗ್ತದಾ?

ಆಗೋದಿಲ್ಲ. ಆರ್ಥೋಫೋಟೋ ಅಂದ್ರೆ ವಿಮಾನದಿಂದ ತೆಗೆದು, ನಕ್ಷೆಯ ಹಾಗೆ ಅಳೆಯಲು ಬರುವಂತೆ ತಿದ್ದಿದ ಫೋಟೋ. ಲಂಬಚಿತ್ರ ಅಂದ್ರೆ ಕ್ಯಾಮೆರಾವನ್ನು ನೆಟ್ಟಗೆ ಕೆಳಮುಖ ಮಾಡಿ ತೆಗೆದ ಫೋಟೋ. ಅದು ತಿದ್ದುವ ಮೊದಲಿನದು. ನಿಮಗೆ ಬೇಕಿರುವುದು ತಿದ್ದಿದ ಮೇಲಿನದು. ಇಲ್ಲಿ ರೆಕ್ಟಿಫಿಕೇಶನ್‌ಗೆ ‘ದಿಷ್ಟೀಕರಣ’ ಅಂತ ಸೂಚಿಸಿದವರೇ, ಅದು ಎಸಿ ಕರೆಂಟನ್ನು ಡಿಸಿ ಮಾಡುವ ಕೆಲಸ. ಇಂಗ್ಲಿಷಿನಲ್ಲಿ ಪದ ಒಂದೇ ಅಂತ ಇಲ್ಲಿಗೂ ಎಳೆದು ತರಬೇಡಿ.

ಏನನ್ನು ತಿದ್ದುತ್ತಾರೆ ಅಂತ ಮೊದಲು ನೋಡೋಣ. ವಿಮಾನ ವಾಲಿದ್ದರೆ ಫೋಟೋದ ಒಂದು ಕಡೆ ಅಳತೆ ಹಿಗ್ಗಿ, ಇನ್ನೊಂದು ಕಡೆ ಕುಗ್ಗುತ್ತದೆ. ಇದನ್ನಷ್ಟೇ ಸರಿ ಮಾಡಿದರೆ ಬರೀ ರೆಕ್ಟಿಫಿಕೇಶನ್. ಇನ್ನೊಂದು ತಪ್ಪು ನೆಲದ ಏರುತಗ್ಗಿನಿಂದ ಬರುವಂಥದ್ದು. ಕ್ಯಾಮೆರಾ ಎಷ್ಟೇ ನೆಟ್ಟಗಿರಲಿ, ಅದು ಬಂದೇ ಬರುತ್ತದೆ. ಯಾಣದ ಭೈರವೇಶ್ವರ ಶಿಖರವನ್ನೇ ತಗೊಳ್ಳಿ. ಎತ್ತರ ಸುಮಾರು 120 ಮೀಟರ್. ವಿಮಾನ ಅದರ ಬುಡದಿಂದ 1500 ಮೀಟರ್ ಮೇಲೆ, ಪಕ್ಕಕ್ಕೆ ಒಂದು ಕಿಲೋಮೀಟರ್ ದೂರದಲ್ಲಿದೆ ಅನ್ನಿ. ಫೋಟೋದಲ್ಲಿ ಬಂಡೆಯ ತುದಿ ಬುಡ ಬಿಟ್ಟು ಹೊರಕ್ಕೆ ವಾಲಿ, ನೆಲದ ಅಳತೆಯಲ್ಲಿ ಸುಮಾರು 87 ಮೀಟರ್ ಆಚೆ ಹೋಗಿ ಕೂತಿರುತ್ತದೆ. ಅದರ ಮೇಲೆ ಸ್ಕೇಲ್ ಇಟ್ಟು ಕಾಡಿನ ಗಡಿ ಎಳೆದರೆ ಗತಿ ಏನು? ಕಾರವಾರದಲ್ಲಂತೂ ಸಮುದ್ರದ ಮಗ್ಗುಲಲ್ಲೇ ಗುಡ್ಡ ಎದ್ದಿದೆ. ಒಂದೇ ಫೋಟೋದಲ್ಲಿ ಕಾಳಿ ಅಳಿವೆಯ ದಡ ಸರಿಯಾಗಿ ಕೂರುತ್ತದೆ, ಗುಡ್ಡದ ಮೇಲಿನ ದಾರಿ ಎಲ್ಲೋ ಸರಿದಿರುತ್ತದೆ. ಜಾಗ ಜಾಗದ ಎತ್ತರದ ಲೆಕ್ಕ ಹಿಡಿದು, ಫೋಟೋದ ಒಂದೊಂದು ಚುಕ್ಕೆಯನ್ನೂ ಅದರ ನಿಜವಾದ ನೆಲೆಗೆ ತರುವುದೇ ಆರ್ಥೋರೆಕ್ಟಿಫಿಕೇಶನ್.

ಹಾಗಾಗಿ ನಾನು ‘ನೆಲೆ’ಯನ್ನೇ ಹಿಡಿಯುತ್ತೇನೆ. ಕೆಲಸಕ್ಕೆ ‘ನೆಲೆ ತಿದ್ದುವಿಕೆ’. ಫಲಕಕ್ಕೆ ‘ನೆಲೆ ತಿದ್ದಿದ ವಿಮಾನಫೋಟೋ’ ಅಂತ ಹಾಕಿ, ಕೆಳಗೆ ಸಣ್ಣಕ್ಷರದಲ್ಲಿ ‘ಆರ್ಥೋಫೋಟೋ’ ಇರಲಿ. ಬರೀ ರೆಕ್ಟಿಫಿಕೇಶನ್‌ಗೆ ‘ವಾಲು ತಿದ್ದುವಿಕೆ’ ಸಾಕು. ‘ಏರುತಗ್ಗು ತಿದ್ದುವಿಕೆ’ ಬೇಡ, ಗದ್ದೆ ಸಮತಟ್ಟು ಮಾಡಿದ ಅರ್ಥ ಬರುತ್ತದೆ. ಗ್ರೀಕಿನ ‘ಆರ್ಥೋಸ್’ ಅಂದ್ರೆ ನೆಟ್ಟಗಿನದು ಅನ್ನುವುದನ್ನೇ ಹಿಡಿದು ಎಲ್ಲರೂ ಲಂಬ, ಋಜು ಅಂತ ಹೊರಟಿರಿ. ಇಲ್ಲಿ ಚುಕ್ಕೆ ನಿಲ್ಲಬೇಕಾದ ಜಾಗ ಮುಖ್ಯ. ನಮ್ಮ ‘ನೆಲೆ’ ಹುಟ್ಟಿದ್ದೇ ‘ನಿಲ್’ ಧಾತುವಿನಿಂದ. ಇಷ್ಟು ಚೆನ್ನಾಗಿ ಹೊಂದುವ ಪದ ಮನೆಯಲ್ಲೇ ಇರುವಾಗ ಗ್ರೀಕಿನ ಬೆನ್ನು ಹತ್ತುವುದು ಯಾಕೆ?

ಇನ್ನು ‘ಫೋಟೋ’ ಎರವಲು, ‘ಛಾಯಾಚಿತ್ರ’ವೇ ಆಗಬೇಕು ಅನ್ನುವ ಕೆಲವರ ಹಟ. ‘ನಕ್ಷೆ’ ಅರಬ್ಬಿಯಿಂದ ಫಾರಸಿ ಹಾದು ಬಂದದ್ದು. ‘ಮೋಜಣಿ’, ‘ಪಹಣಿ’ ಮರಾಠಿಯವು. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರವರೆಗೆ ಮುಂಬೈ ಆಡಳಿತದಲ್ಲಿತ್ತಲ್ವಾ? ಶಿರಸಿಯಲ್ಲಿ ತೋಟದ ಗಡಿ ಅಳೆಸುವವರು ಇವತ್ತಿಗೂ ‘ಮೋಜಣಿ ಆಯ್ತಾ’ ಅಂತಲೇ ಕೇಳುತ್ತಾರೆ. ಅವರ ಕನ್ನಡ ಕೆಟ್ಟಿಲ್ಲ. ಅಷ್ಟಕ್ಕೂ ಛಾಯೆ, ಚಿತ್ರ ಎರಡೂ ಸಂಸ್ಕೃತದಿಂದ ಬಂದವು. ಎರವಲು ಬೇಡ ಅನ್ನುವವರು ಮೊದಲು ಅದಕ್ಕೆ ಉತ್ತರ ಕೊಡಲಿ.