ಕಾಕಟೀಲ್‌ಗೆ ಮನೆಯಲ್ಲೇ ಮಾಡಿದ ಆಟಿಕೆ: ಒಂದನ್ನೂ ಮುಟ್ಟುವುದಿಲ್ಲ, ಕರಟ ಕಟ್ಟಿದ ಮೇಲೆ ಕಚ್ಚುತ್ತಿದೆ

ಬೂದಿಜುಟ್ಟು (ವಿಜಯನಗರ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಒಂದು ಹೆಣ್ಣು ಕಾಕಟೀಲ್ (ಜುಟ್ಟಿರುವ ಸಣ್ಣ ಗಿಳಿ ಜಾತಿಯ ಹಕ್ಕಿ) ಇದೆ. ಮಾಮೂಲಿ ಬೂದು ಬಣ್ಣ, ಎರಡು ವರ್ಷ ದಾಟಿದೆ. ಹೆಸರು ಚುಕ್ಕಿ. ಹಗಲಿನಲ್ಲಿ ನಾವಿಬ್ಬರೂ ಕೆಲಸಕ್ಕೆ ಹೋಗುವುದರಿಂದ ಅವಳಿಗೆ ಹೊತ್ತು ಹೋಗಲಿ ಎಂದು ಅಂಗಡಿಯಿಂದ 500 ರೂಪಾಯಿ ಕೊಟ್ಟು ಮರದ ಬಿಲ್ಲೆಗಳ ಸರ ತಂದೆವು. ಅವಳು ತಿರುಗಿಯೂ ನೋಡಲಿಲ್ಲ. ಆ ದುಡ್ಡಿಗೆ ಮನೆಯಲ್ಲೇ ಹತ್ತು ಮಾಡಬಹುದು ಎಂದುಕೊಂಡು ವಿಡಿಯೊಗಳನ್ನು ನೋಡಿ ಶುರುಮಾಡಿದೆ.

ಈಗ ಪಂಜರದಲ್ಲಿ ಇರುವುದು ಇಷ್ಟು: ಅರ್ಧ ಹೋಳಿನ ದೊಡ್ಡ ಕರಟ, ಒಳಗೆ ಹರಿದ ಕಾಗದ ತುಂಬಿ ಹಗ್ಗದಲ್ಲಿ ನೇತುಹಾಕಿದ್ದೇನೆ. ಬಡಗಿಯ ಬಳಿ ಕೇಳಿ ತಂದ ತೇಗದ ತುಂಡುಗಳ ಸರ. ತುದಿಯಲ್ಲಿ ನಾಲ್ಕು ಗೆಜ್ಜೆ. ಕರಟ ಬಿಟ್ಟು ಮಿಕ್ಕಿದ್ದನ್ನೆಲ್ಲ ಕಟ್ಟಿದ್ದು ಮನೆಯಲ್ಲಿದ್ದ ತಂತಿಯಿಂದ.

ಸಮಸ್ಯೆ ಎರಡು. ತೇಗದ ಸರವನ್ನು ಕಂಡರೆ ಜುಟ್ಟು ನಿಗುರಿಸಿಕೊಂಡು ಎದುರಿನ ಮೂಲೆಗೆ ಓಡುತ್ತಾಳೆ. ಕರಟದೊಳಗೆ ಮಾತ್ರ ಹೋಗಿ ಕೂರುತ್ತಾಳೆ, ಆದರೆ ನೀರು ಬದಲಿಸಲು ಕೈ ಹಾಕಿದರೆ ಬುಸುಗುಟ್ಟಿ ಕಚ್ಚುತ್ತಾಳೆ. ಮೊದಲು ಹೀಗಿರಲಿಲ್ಲ, ಭುಜದ ಮೇಲೆ ಕೂತು ನಿದ್ದೆ ಮಾಡುವ ಹಕ್ಕಿ. ಏನು ಮಾಡಲಿ?

ಕೊನ್ಯೂರ್ ಕಾಟ (ಬನಶಂಕರಿ)

ಜೊತೆ ಇಲ್ಲದ ಬೇಸರ ಇರಬಹುದು. ಒಂದು ಗಂಡು ಹಕ್ಕಿ ತಂದುಬಿಡಿ, ಕೋಪ ಇಳಿಯುತ್ತದೆ. ನಮ್ಮ ಸನ್ ಕೊನ್ಯೂರ್ ಗಿಳಿಗೆ ತೇಗವೂ ಸಾಲದು, ಕಿಟಕಿಯ ಚೌಕಟ್ಟನ್ನೇ ಶಿಲ್ಪ ಮಾಡಿಟ್ಟಿದೆ. ನಿಮ್ಮದು ಪುಣ್ಯವಂತ ಸಮಸ್ಯೆ.

ಹಳೇ ಪಂಜರ (ಮಲ್ಲೇಶ್ವರ)

ಗಂಡು ತರಬೇಡಿ, ದಯವಿಟ್ಟು. ಬೆಂಕಿಗೆ ತುಪ್ಪ ಸುರಿದ ಹಾಗಾಗುತ್ತದೆ.

ಬೂದಿಜುಟ್ಟು ಅವರೇ, ಮೊದಲು ಕೆಲವು ಪ್ರಶ್ನೆ. ಕರಟದೊಳಗೆ ಹೋದಾಗ ಚುಕ್ಕಿ ಕಾಗದವನ್ನು ಇನ್ನೂ ಸಣ್ಣದಾಗಿ ಕತ್ತರಿಸುತ್ತಾಳೆಯೇ? ಬಾಲ ಎತ್ತಿ, ಬಗ್ಗಿ, ಸಣ್ಣಗೆ ಚಿಲಿಗುಟ್ಟುತ್ತಾಳೆಯೇ? ಬೆಳಗಿನ ಹಿಕ್ಕೆ ಮಾಮೂಲಿಗಿಂತ ದೊಡ್ಡದಾಗಿದೆಯೇ? ರಾತ್ರಿ ಪಂಜರ ಇರುವ ಕೋಣೆಯಲ್ಲಿ ದೀಪ ಎಷ್ಟು ಹೊತ್ತಿನವರೆಗೆ ಉರಿಯುತ್ತದೆ? ಕೊನೆಯದಾಗಿ, ಆ ತಂತಿ ಯಾವುದು, ಗೆಜ್ಜೆ ಯಾವ ಲೋಹದ್ದು?

ಬೂದಿಜುಟ್ಟು

ಮೊದಲ ಮೂರಕ್ಕೂ ಹೌದು. ಪಂಜರ ಹಾಲ್‌ನಲ್ಲಿದೆ, ಟಿ.ವಿ. ಆರುವುದು ರಾತ್ರಿ ಹನ್ನೊಂದರ ಮೇಲೆ. ತಂತಿ ಬಟ್ಟೆ ಒಣಹಾಕುವ ಜಿ.ಐ. ತಂತಿ. ಗೆಜ್ಜೆ ಹಿತ್ತಾಳೆಯದು, ಮಗಳ ಭರತನಾಟ್ಯದ ಹಳೆಯ ಗೆಜ್ಜೆಯಿಂದ ಬಿಚ್ಚಿದ್ದು.

ಹಳೇ ಪಂಜರ

ಹಾಗಿದ್ದರೆ ತಂತಿ ಮತ್ತು ಗೆಜ್ಜೆಯನ್ನು ಈ ಕ್ಷಣವೇ ತೆಗೆಯಿರಿ, ಮಿಕ್ಕಿದ್ದನ್ನು ಆಮೇಲೆ ಓದಿ.

ತೆಗೆದಿರಾ? ಜಿ.ಐ. ತಂತಿಯ ಮೇಲಿನ ಹೊಳಪು ಸತುವಿನ ಲೇಪ. ಹಿತ್ತಾಳೆ ತಾಮ್ರ ಮತ್ತು ಸತುವಿನ ಮಿಶ್ರಣ, ಹಳೆಯ ಹಿತ್ತಾಳೆಯಲ್ಲಿ ಸೀಸವೂ ಇರಬಹುದು. ಗಿಳಿ ಜಾತಿಯ ಹಕ್ಕಿಗಳು ಲೋಹವನ್ನು ಕೊಕ್ಕಿನಿಂದ ಕೆರೆದು ಪುಡಿ ನುಂಗುತ್ತವೆ. ಸತು, ಸೀಸ ಎರಡೂ ಅವಕ್ಕೆ ವಿಷ. ಕಾಕಟೀಲ್‌ನ ತೂಕ ಸುಮಾರು 80ರಿಂದ 100 ಗ್ರಾಂ, ಅಷ್ಟು ಸಣ್ಣ ಮೈಗೆ ಚೂರು ಸಾಕು. ಮಂಕು, ವಾಂತಿ, ಅತಿಯಾದ ಬಾಯಾರಿಕೆ, ಹಿಕ್ಕೆಯ ಬಣ್ಣದಲ್ಲಿ ಬದಲಾವಣೆ, ಕಾಲಿನಲ್ಲಿ ನಿತ್ರಾಣ, ಇವುಗಳಲ್ಲಿ ಒಂದು ಕಂಡರೂ ಹಕ್ಕಿಗಳನ್ನು ನೋಡುವ ವೈದ್ಯರ ಬಳಿ ಹೋಗಿ. ಗೆಜ್ಜೆಗೆ ಇನ್ನೊಂದು ದೋಷವಿದೆ: ಅದರ ಸೀಳಿನಲ್ಲಿ ಕಾಲಿನ ಬೆರಳು ಸಿಕ್ಕಿಕೊಂಡರೆ ಎಳೆದಾಡಿ ಮುರಿದುಕೊಳ್ಳುತ್ತದೆ.

ಲೋಹ ಬೇಕೇ ಬೇಕೆಂದರೆ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೊಂಡಿ ಕೇಳಿ ತನ್ನಿ. ‘ಅಯಸ್ಕಾಂತಕ್ಕೆ ಅಂಟದಿದ್ದರೆ ಒಳ್ಳೆಯದು’ ಎಂಬ ಪರೀಕ್ಷೆಯನ್ನು ನಂಬಿ ಕೂರಬೇಡಿ. ಹಿತ್ತಾಳೆಯೂ ಅಂಟುವುದಿಲ್ಲ, ಸೀಸವೂ ಅಂಟುವುದಿಲ್ಲ.

ಈಗ ಕಚ್ಚುವ ವಿಷಯ. ಕಾಡಿನ ಕಾಕಟೀಲ್ ಆಸ್ಟ್ರೇಲಿಯದ ಒಣ ಒಳನಾಡಿನದು. ಮರದ ಪೊಟರೆಯಲ್ಲಿ ಮೊಟ್ಟೆ ಇಡುತ್ತದೆ. ನೀವು ಕಟ್ಟಿದ ಕರಟ ನಿಮ್ಮ ಲೆಕ್ಕಕ್ಕೆ ಉಯ್ಯಾಲೆ, ಚುಕ್ಕಿಯ ಲೆಕ್ಕಕ್ಕೆ ಪೊಟರೆ. ಒಳಗೆ ಹಾಸಲು ಕಾಗದವನ್ನೂ ಕೊಟ್ಟಿದ್ದೀರಿ, ರಾತ್ರಿ ಹನ್ನೊಂದರವರೆಗೆ ಬೆಳಕನ್ನೂ ಕೊಟ್ಟಿದ್ದೀರಿ. ಹಗಲು ಉದ್ದವಾದರೆ ಮರಿ ಮಾಡುವ ಕಾಲ ಬಂತು ಎಂದು ಅವಳ ಮೈ ತಿಳಿಯುತ್ತದೆ. ಹಾಗಾಗಿ ಅವಳು ಕಚ್ಚುತ್ತಿರುವುದು ಗೂಡು ಕಾಯಲು. ಗಂಡು ಇಲ್ಲದಿದ್ದರೂ ಹೆಣ್ಣು ಕಾಕಟೀಲ್ ಮೊಟ್ಟೆ ಇಡುತ್ತದೆ, ಒಂದಾದ ಮೇಲೊಂದು ಇಡುತ್ತಲೇ ಹೋದರೆ ಮೈಯ ಸುಣ್ಣದ ಅಂಶ ಬರಿದಾಗುತ್ತದೆ. ಮೊಟ್ಟೆ ಒಳಗೇ ಸಿಕ್ಕಿಕೊಂಡರೆ ಪ್ರಾಣಕ್ಕೆ ಕುತ್ತು. ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತು ತಿಣುಕುತ್ತಿದ್ದರೆ, ಉಸಿರಿನ ಜೊತೆ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ, ಬೆಳಗಾಗಲಿ ಎಂದು ಕಾಯಬೇಡಿ.

ಕರಟ ತೆಗೆಯಿರಿ. ಸಂಜೆ ಏಳಕ್ಕೆ ಪಂಜರವನ್ನು ಒಳಕೋಣೆಗೆ ಸರಿಸಿ, ಬಟ್ಟೆ ಹೊದಿಸಿ, ಹತ್ತು ಹನ್ನೆರಡು ಗಂಟೆ ಕತ್ತಲು ಸಿಗುವಂತೆ ಮಾಡಿ. ಬೆನ್ನು ಸವರುವುದನ್ನು ನಿಲ್ಲಿಸಿ, ತಲೆ ಮತ್ತು ಕತ್ತು ಮಾತ್ರ ಸಾಕು. ಕಟಲ್ ಬೋನ್ (ಸುಣ್ಣದ ಅಂಶಕ್ಕಾಗಿ ಹಕ್ಕಿಗಳು ಕೆರೆದು ತಿನ್ನುವ, ಕಟಲ್ ಮೀನಿನ ಒಳಚಿಪ್ಪು) ಪಂಜರದಲ್ಲಿ ಇರಲಿ. ಮೊಟ್ಟೆ ಈಗಾಗಲೇ ಬಂದುಬಿಟ್ಟರೆ ತಕ್ಷಣ ಕಿತ್ತುಕೊಳ್ಳಬೇಡಿ, ಕಳೆದದ್ದನ್ನು ತುಂಬಲು ಇನ್ನೊಂದು ಇಡುತ್ತಾಳೆ.

ಬೂದಿಜುಟ್ಟು

ಎಲ್ಲವನ್ನೂ ತೆಗೆದೆ, ಕಟಲ್ ಬೋನ್ ಮೊದಲೇ ಇತ್ತು. ಪಂಜರ ಈಗ ಖಾಲಿ ಖಾಲಿ. ಹಾಗಾದರೆ ಅವಳಿಗೆ ಆಟಿಕೆಯೇ ಬೇಡವೇ? ಎಲ್ಲ ವಿಡಿಯೊಗಳಲ್ಲೂ ಹಕ್ಕಿಗಳು ಮರವನ್ನು ಪುಡಿ ಪುಡಿ ಮಾಡುತ್ತವೆ.

ನವಣೆತೆನೆ (ಯಲಹಂಕ)

ಆ ವಿಡಿಯೊಗಳಲ್ಲಿ ಇರುವವು ಮಕಾವ್, ಕಾಕಟೂ, ಆಫ್ರಿಕನ್ ಗ್ರೇಗಳಂಥ ದೊಡ್ಡ ಗಿಳಿಗಳು. ಅವುಗಳ ಕೊಕ್ಕಿಗೆ ತೇಗ ತಿಂಡಿ. ಕಾಕಟೀಲ್‌ಗೆ ತೇಗ ಕೊಡುವುದು ಹಲ್ಲಿಲ್ಲದವರಿಗೆ ಕಬ್ಬಿನ ಜಲ್ಲೆ ಕೊಟ್ಟಂತೆ. ಜೊತೆಗೆ ಬಡಗಿಯ ತುಂಡಿಗೆ ಪಾಲಿಶ್ ಆಗಿದೆಯೋ ಔಷಧಿ ಹೊಡೆದಿದ್ದಾರೋ ಯಾರು ಬಲ್ಲರು. ಪ್ಲೈವುಡ್ ಚೂರಂತೂ ಮನೆಯೊಳಗೇ ಬೇಡ, ಅದು ಅರ್ಧ ಅಂಟು.

ಇನ್ನೊಂದು ಮುಖ್ಯ ಸಂಗತಿ: ಕಾಕಟೀಲ್ ನೆಲದ ಮೇಲೆ ಓಡಾಡಿ ಹುಲ್ಲಿನ ಬೀಜ ಹೆಕ್ಕುವ ಹಕ್ಕಿ. ಎಲ್ಲರೂ ಆಟಿಕೆಯನ್ನು ಮೇಲೆ ನೇತುಹಾಕುತ್ತೇವೆ, ಅವಳ ಬುದ್ಧಿ ಓಡುವುದು ಕೆಳಗೆ. ಕಡಿಮೆ ಅಂಚಿನ ಒಂದು ಅಡಿಕೆ ಹಾಳೆಯ ತಟ್ಟೆ ತೆಗೆದುಕೊಳ್ಳಿ. ಅದರಲ್ಲಿ ಬಿಳಿ ಕಾಗದದ ಸಣ್ಣ ಉಂಡೆಗಳು, ತೊಳೆದು ಒಣಗಿಸಿದ ಮುಸುಕಿನ ಜೋಳದ ಸಿಪ್ಪೆ, ಬೆಂಡಿನ (ಗಿಡದ ಹಗುರ ತಿರುಳಿನ) ಚೂರುಗಳನ್ನು ಹರಡಿ. ನಡುನಡುವೆ ಅವಳ ದಿನದ ಕಾಳಿನ ಒಂದು ಪಾಲನ್ನು ಉದುರಿಸಿ. ಮೊದಲು ಕಾಳು ಮೇಲೆಯೇ ಕಾಣುವಂತಿರಲಿ, ರೂಢಿಯಾದ ಮೇಲೆ ಅಡಗಿಸಿ. ಕೆದಕುತ್ತಾ, ಎಸೆಯುತ್ತಾ, ತಿನ್ನುತ್ತಾ ಹೊತ್ತು ಕಳೆಯುತ್ತದೆ. ಅವಳಿಗೆ ಅದೇ ಆಟ.

ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ‘ಮಿಲ್ಲೆಟ್ ಸ್ಪ್ರೇ’ ಎಂದು ಮಾರುವುದು ಸಾಮಾನ್ಯವಾಗಿ ನಮ್ಮ ನವಣೆಯ ತೆನೆಯೇ. ಊರಿನಲ್ಲಿ ನವಣೆ ಬೆಳೆಯುವವರು ಗೊತ್ತಿದ್ದರೆ ಒಂದು ಕಂತೆ ತರಿಸಿಕೊಳ್ಳಿ. ದಿನಾ ಬೇಡ, ಲಡ್ಡುವಿನ ಹಾಗೆ ಅಪರೂಪಕ್ಕೆ.

ಹಳೇ ಪಂಜರ

ತಟ್ಟೆಯ ಸಲಹೆಗೆ ನನ್ನ ಪೂರ್ತಿ ಒಪ್ಪಿಗೆ, ಒಂದು ತಿದ್ದುಪಡಿಯೊಂದಿಗೆ. ಚುಕ್ಕಿ ಗೂಡಿನ ಗುಂಗಿನಲ್ಲಿ ಇರುವಾಗ ಕಾಗದದ ರಾಶಿ ಬೇಡ. ಈಗ ಸಿಪ್ಪೆ ಮತ್ತು ಬೆಂಡು ಸಾಕು, ತೆಳುವಾಗಿ ಹರಡಿ. ಒಂದು ಮೂಲೆಗೆ ಒಟ್ಟಿಕೊಂಡು ಕೂರಲು ಶುರುಮಾಡಿದರೆ ತಟ್ಟೆ ಎತ್ತಿ, ಜಾಗ ಬದಲಿಸಿ. ಕಾಗದ ಮುಂದೆ ಕೊಡುವಾಗ ಎ.ಟಿ.ಎಂ. ರಸೀದಿ, ಬಸ್ ಟಿಕೆಟ್, ಹೊಳಪಿನ ಪತ್ರಿಕೆಯ ಹಾಳೆ ಬೇಡ.

ಬೆಂಡಿಗೆ ಚಿಕ್ಕಪೇಟೆ ಕಡೆಯ ಗ್ರಂಥಿಗೆ ಅಂಗಡಿಗಳಲ್ಲಿ ಕೇಳಿ. ಬಾಸಿಂಗಕ್ಕೆ ಬಳಸುವ ಬಣ್ಣವಿಲ್ಲದ ಬೆಂಡು ಎಂದೇ ಹೇಳಿ. ಮದುವೆ ಮುಗಿದ ಬಾಸಿಂಗವನ್ನು ಕೊಡಬೇಡಿ, ಅದರ ಮೇಲೆ ಅಂಟು, ಜರಿ, ಬಣ್ಣ ಎಲ್ಲ ಇರುತ್ತದೆ.

ಕಟ್ಟಲು ಬಾಳೆನಾರು. ಕೃಷ್ಣರಾಜ ಮಾರುಕಟ್ಟೆಯಲ್ಲಿ ಹೂ ಕಟ್ಟುವವರ ಬಳಿ ಕಂತೆಗಟ್ಟಲೆ ಇರುತ್ತದೆ. ನನಗೆ ಹತ್ತಿಯ ಹಗ್ಗಕ್ಕಿಂತ ಅದರ ಮೇಲೆಯೇ ನಂಬಿಕೆ ಹೆಚ್ಚು. ಹತ್ತಿಯ ಹಗ್ಗ ಬಿಚ್ಚಿಕೊಂಡು ಎಳೆ ಎಳೆಯಾದರೆ ಬೆರಳಿಗೆ ಸುತ್ತಿಕೊಂಡು ರಕ್ತ ನಿಲ್ಲಿಸುತ್ತದೆ, ನುಂಗಿದರೆ ಮೇವಿನ ಚೀಲದಲ್ಲಿ ಗಂಟಾಗುತ್ತದೆ. ಬಾಳೆನಾರು ಹಕ್ಕಿ ಒದ್ದಾಡಿದರೆ ತುಂಡಾಗುತ್ತದೆ, ಆಟಿಕೆಗೆ ಬೇಕಾದ್ದು ಅಷ್ಟೇ ಬಲ. ಸೆಣಬಿನ ದಾರವೂ ಬೇಡ, ಅದನ್ನು ನೂಲುವಾಗ ಸಾಮಾನ್ಯವಾಗಿ ಖನಿಜ ತೈಲ ಹಾಕುತ್ತಾರೆ.

ಮೊದಲ ಹಕ್ಕಿ (ಕೆಂಗೇರಿ)

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಅಜ್ಜಿಯ ಮನೆಯಲ್ಲಿ ಕೆಂಪು ಕೊಕ್ಕಿನ, ಕೊರಳಲ್ಲಿ ಪಟ್ಟಿ ಇರುವ ಹಸಿರು ಗಿಳಿ ಇದೆ. ಅದಕ್ಕೂ ಇವೇ ಆಟಿಕೆ ನಡೆಯುತ್ತವೆಯೇ? ಚನ್ನಪಟ್ಟಣದ ಗೊಂಬೆ ಕೊಡಬಹುದೇ?

ಹಳೇ ಪಂಜರ

ಅದು ನಮ್ಮ ನಾಡಿನ ಕಾಡುಗಿಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಮನೆಯಲ್ಲಿ ಸಾಕುವುದು ಅಪರಾಧ, ತಲೆಮಾರಿನಿಂದ ಸಾಕುತ್ತಿದ್ದೇವೆ ಎಂಬ ಮಾತು ನಿಲ್ಲುವುದಿಲ್ಲ. ಹಾಗೆಂದು ಬಾಗಿಲು ತೆಗೆದು ಹಾರಿಬಿಡಬೇಡಿ. ವರ್ಷಗಟ್ಟಲೆ ಪಂಜರದಲ್ಲಿದ್ದ ಹಕ್ಕಿ ಹದ್ದಿಗೋ ಬೆಕ್ಕಿಗೋ ಆಹಾರವಾಗುತ್ತದೆ. ಅರಣ್ಯ ಇಲಾಖೆಯನ್ನು ಸಂಪರ್ಕಿಸಿ, ಅಜ್ಜಿಗೆ ನಿಧಾನವಾಗಿ ತಿಳಿಸಿ ಹೇಳಿ. ಕಷ್ಟದ ಮಾತು, ಆದರೂ ಹೇಳಬೇಕು.

ಚನ್ನಪಟ್ಟಣದ ಗೊಂಬೆ ಮಕ್ಕಳ ಕೈಗೆ ಮಾಡಿದ್ದು. ಅರಗಿನ ಬಣ್ಣ ಬಳಿದ ಮರವನ್ನು ಕಡಿದು ಪುಡಿ ಮಾಡುವ ಕೊಕ್ಕಿಗಲ್ಲ. ಅದಕ್ಕೆ ಬಳಸುವ ಹಾಲೆ ಮರ ಕಣಗಿಲೆಯ ಕುಟುಂಬಕ್ಕೆ ಸೇರಿದ್ದು. ಕಣಗಿಲೆ ಹಕ್ಕಿಗೆ ಕಡು ವಿಷ, ಹಾಗಾಗಿ ಆ ಬಳಗದ ಮರದ ತಂಟೆಗೇ ನಾನು ಹೋಗುವುದಿಲ್ಲ. ಕೊಂಬೆ ಬೇಕಾದರೆ ಸೀಬೆ ಅಥವಾ ನುಗ್ಗೆಯದು ಕೊಡಿ, ಕೀಟನಾಶಕ ಹೊಡೆಯದ ಗಿಡದ್ದು. ಅಪಾರ್ಟ್‌ಮೆಂಟ್ ತೋಟದ ಗಿಡಗಳಾದರೆ ಮಾಲಿಯನ್ನು ಕೇಳಿಯೇ ಕತ್ತರಿಸಿ.

ಕೊನ್ಯೂರ್ ಕಾಟ

ಗಂಡು ಹಕ್ಕಿಯ ಸಲಹೆ ಹಿಂತೆಗೆದುಕೊಂಡೆ. ನುಗ್ಗೆ ಕೊಂಬೆ ಮಾತ್ರ ನಿಜ, ಮೆತ್ತಗಿರುವುದರಿಂದ ನಮ್ಮವನು ಸಿಪ್ಪೆ ಸುಲಿದು ಬತ್ತಲು ಮಾಡುವವರೆಗೆ ಬಿಡುವುದಿಲ್ಲ. ಕಿಟಕಿಗೆ ಸ್ವಲ್ಪ ವಿರಾಮ ಸಿಕ್ಕಿದೆ. ಅಂದ ಹಾಗೆ ಕೊನ್ಯೂರ್ ಇರುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು, 2024ರ ನಿಯಮ. ಕಾಕಟೀಲ್‌ಗೆ ಆ ತಲೆನೋವಿಲ್ಲ.

ಬೂದಿಜುಟ್ಟು

ವರದಿ ಒಪ್ಪಿಸುತ್ತಿದ್ದೇನೆ. ಕರಟ ಹೋದ ಮೇಲೆ ಮೊದಲು ಸಿಟ್ಟಿನಿಂದ ಪಂಜರವೆಲ್ಲ ಸುತ್ತಿದಳು. ಬೇಗ ಕತ್ತಲು ಮಾಡುವುದು ನಮಗೇ ಕಷ್ಟವಾಯಿತು, ಟಿ.ವಿ.ಯ ಸದ್ದು ಇಳಿಸಬೇಕಾಯಿತು. ಈಗ ಬುಸುಗುಟ್ಟುವುದು ನಿಂತಿದೆ, ಮೊಟ್ಟೆ ಬರಲಿಲ್ಲ, ನೀರು ಬದಲಿಸುವಾಗ ಕೈ ಕಚ್ಚುವುದಿಲ್ಲ. ತಟ್ಟೆಯನ್ನು ಕಂಡು ಮೊದಲಿಗೆ ಹೆದರಿದಳು. ಅದನ್ನು ಪಂಜರದ ಹೊರಗೆ ಟೀಪಾಯಿಯ ಮೇಲಿಟ್ಟು ನಾನೇ ಕೆದಕುತ್ತಾ ಕೂತೆ. ನೋಡಿ ನೋಡಿ ತಡೆಯಲಾಗದೆ ಬಂದು ನನ್ನ ಬೆರಳನ್ನು ತಳ್ಳಿ ಕಾಳು ಹೆಕ್ಕಿದಳು. ಜೋಳದ ಸಿಪ್ಪೆಯನ್ನು ಉದ್ದುದ್ದ ಸೀಳುವುದು ಅವಳಿಗೆ ಇಷ್ಟ. ಖರ್ಚು ಬೆಂಡಿಗೆ ಮಾತ್ರ, ಸಿಪ್ಪೆಯನ್ನು ಜೋಳ ಸುಡುವವರು ಸುಮ್ಮನೆ ಕೊಟ್ಟರು.

ನೇತುಹಾಕಿದ ಯಾವುದನ್ನೂ ಈಗಲೂ ಮುಟ್ಟುವುದಿಲ್ಲ. ಜೊತೆಗೆ, ಮಳೆ ಶುರುವಾದ ಮೇಲೆ ಸಿಪ್ಪೆ ಎರಡು ದಿನಕ್ಕೇ ಮುಗ್ಗಲು ವಾಸನೆ ಬರುತ್ತಿದೆ. ಬಿಸಿಲಿಗೆ ಹಾಕಲು ಬಿಸಿಲೇ ಇಲ್ಲ.

ನವಣೆತೆನೆ

ನೇತುಹಾಕುವ ಹಟ ಬಿಡಿ. ಅಥವಾ ಅವಳು ಕೂರುವ ಕೋಲಿನ ಮಟ್ಟಕ್ಕೆ, ಕೊಕ್ಕಿನ ಪಕ್ಕಕ್ಕೇ ಒಂದು ಸಿಪ್ಪೆಯ ಕುಚ್ಚನ್ನು ಬಾಳೆನಾರಿನಲ್ಲಿ ಕಟ್ಟಿ ನೋಡಿ, ಜೋಲಾಡದಂತೆ. ಅಲ್ಲಾಡುವ ವಸ್ತುವಿಗೇ ಹೆಚ್ಚು ಹೆದರುತ್ತವೆ.

ಹಳೇ ಪಂಜರ

ಮುಗ್ಗಲು ವಾಸನೆ ಬಂದದ್ದನ್ನು ಎಸೆಯಿರಿ, ಒಣಗಿಸಿ ಮತ್ತೆ ಬಳಸಬೇಡಿ. ಬೂಷ್ಟಿನ ಕಣಗಳು ಹಕ್ಕಿಯ ಶ್ವಾಸಕೋಶಕ್ಕೆ ಇಳಿದರೆ ಆಸ್ಪರ್ಜಿಲೋಸಿಸ್ ಎಂಬ ಕಾಯಿಲೆ ಬರುತ್ತದೆ, ವಾಸಿಮಾಡುವುದು ಬಹಳ ಕಷ್ಟ. ಸಿಪ್ಪೆ ಸಹಿತ ಹಸಿ ಕಡಲೆಕಾಯಿ ಕೊಡಬೇಡಿ ಎನ್ನುವುದೂ ಇದೇ ಕಾರಣಕ್ಕೆ. ಮಳೆಗಾಲದಲ್ಲಿ ಸಿಪ್ಪೆಯನ್ನು ಕೂಡಿಡದೆ ಆಯಾ ದಿನದ್ದನ್ನು ಹಸಿಯಾಗಿಯೇ ಕೊಟ್ಟು ಸಂಜೆ ತೆಗೆದುಬಿಡಿ. ಕೂಡಿಡಲೇಬೇಕೆಂದರೆ ತೆಳುವಾಗಿ ಸೀಳಿ, ದೋಸೆ ಹುಯ್ದಾದ ಮೇಲೆ ಬಿಸಿ ಉಳಿದ ಕಬ್ಬಿಣದ ಕಾವಲಿಯ ಮೇಲೆ ಹರಡಿ ಗರಿಗರಿ ಮಾಡಿ, ಗಾಳಿಯಾಡದ ಡಬ್ಬಿಗೆ ಹಾಕಿ. ನಾನ್‌ಸ್ಟಿಕ್ ಕಾವಲಿ ಬೇಡ. ಅದು ಅತಿಯಾಗಿ ಕಾದಾಗ ಬರುವ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ, ಪಂಜರ ಬೇರೆ ಕೋಣೆಯಲ್ಲಿದ್ದರೂ ಸರಿ.