ಯಜಮಾನರಿಗೆ ಗೊನೋರಿಯಾ: ಲಕ್ಷಣಗಳಿಲ್ಲದ ನನಗೂ ಪರೀಕ್ಷೆ ಬೇಕೇ?

ಪ್ರಶ್ನೆ (ಮೂಡಿಗೆರೆಯ ಗೃಹಿಣಿ):
ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಯಜಮಾನರಿಗೆ ಅಲ್ಲಿಯ ವೈದ್ಯರು ಲೈಂಗಿಕ ಸಂಪರ್ಕದಿಂದ ಹರಡುವ ಗೊನೋರಿಯಾ ರೋಗವೆಂದು ಚಿಕಿತ್ಸೆ ನೀಡಿ, ಹೆಂಡತಿಯೂ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ತಿಳಿಸಿದ್ದಾರೆ. ನನಗೆ ಉರಿಮೂತ್ರವಾಗಲಿ, ದುರ್ವಾಸನೆಯ ಬಿಳಿಸೆರಗಾಗಲಿ ಇಲ್ಲ, ಗರ್ಭ ತಡೆಯುವ ವಂಕಿಯನ್ನೂ ಹಾಕಿಸಿಕೊಂಡಿದ್ದೇನೆ. ಆದರೂ ಪರೀಕ್ಷೆ ಅಗತ್ಯವೇ? ಊರಿನ ಲ್ಯಾಬಿನಲ್ಲಿರುವವರು ನಮ್ಮ ನೆಂಟರೇ ಆದ್ದರಿಂದ ಅಲ್ಲಿಗೆ ಹೋಗಲು ಧೈರ್ಯವಿಲ್ಲ.

ಉತ್ತರ (ಹಾಸನದ ಶುಶ್ರೂಷಕಿ):
ಅಗತ್ಯ, ಅದೂ ತಡಮಾಡದೆ. ಗಂಡಸರಲ್ಲಿ ಈ ರೋಗ ಉರಿ, ಕೀವುಗಳಿಂದ ಸಾಮಾನ್ಯವಾಗಿ ಬೇಗ ತಿಳಿದುಬರುತ್ತದೆ. ಹೆಂಗಸರಲ್ಲಿ ಮಾತ್ರ ಅನೇಕ ವೇಳೆ ಯಾವ ಸೂಚನೆಯೂ ಇಲ್ಲದೆ ಗರ್ಭಕೊರಳಿನಲ್ಲಿ ಉಳಿದು, ಚಿಕಿತ್ಸೆಯಾಗದಿದ್ದರೆ ಗರ್ಭಕೋಶಕ್ಕೂ ಗರ್ಭನಾಳಗಳಿಗೂ ಹರಡಿ, ಬಂಜೆತನಕ್ಕೆ ಅಥವಾ ನಾಳದಲ್ಲಿಯೇ ಗರ್ಭ ಕಟ್ಟುವ ಅಪಾಯಕ್ಕೆ ಕಾರಣವಾಗಬಹುದು. ವಂಕಿ ಗರ್ಭವನ್ನಷ್ಟೇ ತಡೆಯುತ್ತದೆ, ಸೋಂಕನ್ನಲ್ಲ.

ಯೋನಿಯ ಸ್ರಾವವನ್ನು ಹತ್ತಿಯ ಕಡ್ಡಿಯಲ್ಲಿ ತೆಗೆದು ರೋಗಾಣುವಿನ ವಂಶವಾಹಿ ಅಂಶವನ್ನು ಹುಡುಕುವ ‘ನಾಟ್’ ವಿಧಾನದಲ್ಲಿ ಪರೀಕ್ಷಿಸಿದರೆ ಗೊನೋರಿಯಾ ಮತ್ತು ಅದರೊಂದಿಗೆ ಹಲವರಲ್ಲಿ ಇರುವ ಕ್ಲಮೈಡಿಯಾ ಎಂಬ ಇನ್ನೊಂದು ಸೋಂಕು ಎರಡೂ ಪತ್ತೆಯಾಗುತ್ತವೆ. ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಪರೀಕ್ಷೆಗಳಿಗೆ ರಕ್ತ ಬೇಕು. ಈ ಸೌಲಭ್ಯವಿಲ್ಲದ ಕಡೆ, ಪತಿಯ ರೋಗ ಖಚಿತವಾಗಿದೆ ಎಂಬ ಆಧಾರದ ಮೇಲೆಯೇ ವೈದ್ಯರು ಚಿಕಿತ್ಸೆ ಆರಂಭಿಸುವುದುಂಟು. ಆದ್ದರಿಂದ ಅವರ ಔಷಧ ಚೀಟಿಯ ಪ್ರತಿಯನ್ನು ಮರೆಯದೆ ಒಯ್ಯಿರಿ.

ಜಿಲ್ಲಾ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳು ಇದಕ್ಕೆಂದೇ ಇವೆ. ಚಿಕ್ಕಮಗಳೂರಿನಲ್ಲಿ ಗುರುತಿನವರು ಸಿಗಬಹುದೆಂಬ ಅಳುಕಿದ್ದರೆ ಹಾಸನಕ್ಕೆ ಬನ್ನಿ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ನಿಮ್ಮ ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಗೋಪ್ಯವಾಗಿಡಬೇಕು. ಹೋಗುವ ಮೊದಲೇ ಮಾತನಾಡಬೇಕೆನಿಸಿದರೆ 1097 ಉಚಿತ ಸಹಾಯವಾಣಿಯಿದೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಯಜಮಾನರು ಮುಂದಿನ ವಾರ ಊರಿಗೆ ಬರುವವರಿದ್ದಾರೆ. ಅವರ ಔಷಧ ಮುಗಿದಿರುವುದರಿಂದ ಇನ್ನು ಭಯವಿಲ್ಲವೇ?

ಉತ್ತರ (ಕಡೂರಿನ ನಿವೃತ್ತ ವೈದ್ಯ):
ಅವರದು ಮುಗಿದರೆ ಸಾಲದು. ನಿಮ್ಮಲ್ಲಿ ಸೋಂಕಿದ್ದರೆ ಅದು ಮತ್ತೆ ಅವರಿಗೇ ತಗಲುತ್ತದೆ. ಇಬ್ಬರ ಚಿಕಿತ್ಸೆಯೂ ಮುಗಿದು ಏಳು ದಿನ ಕಳೆಯುವವರೆಗೆ ದೈಹಿಕ ಸಂಪರ್ಕ ಬೇಡ. ಸುಮಾರು ಮೂರು ತಿಂಗಳ ನಂತರ ಇಬ್ಬರೂ ಮರುಪರೀಕ್ಷೆ ಮಾಡಿಸಿಕೊಳ್ಳಿ. ತೀರಾ ಇತ್ತೀಚೆಗೆ ತಗಲಿದ ಎಚ್‌ಐವಿ ಮೊದಲ ಪರೀಕ್ಷೆಯಲ್ಲಿ ಕಾಣದಿರಬಹುದಾದ್ದರಿಂದ ಅದನ್ನೂ ಆಗಲೇ ಪುನಃ ನೋಡಿಸಬೇಕು. ಅಲ್ಲಿಯವರೆಗೂ, ಅನುಮಾನ ಇರುವಷ್ಟು ಕಾಲವೂ, ಪ್ರತಿ ಬಾರಿ ಕಾಂಡೋಮ್ ಬಳಸಲೇಬೇಕೆಂದು ನೀವು ಹೇಳುವುದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ಅವರ ಮಾತ್ರೆಗಳನ್ನು ಹಂಚಿಕೊಂಡು ನುಂಗುವ ಪದ್ಧತಿಯನ್ನು ನಾನು ವೃತ್ತಿಯುದ್ದಕ್ಕೂ ಕಂಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಈ ರೋಗಾಣು ಹಳೆಯ ಹಲವು ಔಷಧಗಳಿಗೆ ಈಗ ಬಗ್ಗುವುದಿಲ್ಲ. ವಂಕಿಯನ್ನು ಅವಸರದಿಂದ ತೆಗೆಸಬೇಕಿಲ್ಲ, ವೈದ್ಯರಿಗೆ ತಿಳಿಸಿದರೆ ಸಾಕು. ಜ್ವರದೊಡನೆ ಕಿಬ್ಬೊಟ್ಟೆ ನೋವು ಬಂದರೆ ಮಾತ್ರ ಅದೇ ದಿನ ಆಸ್ಪತ್ರೆಗೆ ಹೋಗಿ.

ಉತ್ತರ (ಸಕಲೇಶಪುರದ ಓದುಗಿ):
ಒಂದು ಮಾತು ಸೇರಿಸುತ್ತೇನೆ. ಪ್ಯಾಪ್ ಸ್ಮಿಯರ್ ಸರಿಯಿದೆ ಎಂದರೆ ಯಾವ ಸೋಂಕೂ ಇಲ್ಲವೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದು ಗರ್ಭಕೊರಳಿನ ಕ್ಯಾನ್ಸರ್‌ನ ಮುನ್ಸೂಚನೆಗಳನ್ನು ನೋಡುವ ಪರೀಕ್ಷೆ. ಗೊನೋರಿಯಾ, ಕ್ಲಮೈಡಿಯಾಗಳಿಗೆ ಪ್ರತ್ಯೇಕವಾಗಿ ಕೇಳಿಯೇ ಮಾಡಿಸಿಕೊಳ್ಳಬೇಕು.